ದಿನಕ್ಕೆ ಎರಡಾಣೆ: ಡಾ. ಟಿ.ಎಂ.ಎ. ಪೈ ಮತ್ತು ಪಿಗ್ಮಿ ಠೇವಣಿ, ಒಂದು ಪ್ರಕರಣ ಅಧ್ಯಯನ

ಸಂಜೆ ಆರೂವರೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಟೈಲರ್ ಅಂಗಡಿ. ಬಾಗಿಲಲ್ಲಿ ಒಬ್ಬರು ಬಂದು ನಿಲ್ಲುತ್ತಾರೆ. ಹೆಗಲಿಗೆ ಚೀಲ, ಕೈಯಲ್ಲಿ ಬಸ್ ಕಂಡಕ್ಟರ್ ಹತ್ತಿರ ಇರುವಂಥ ಪುಟ್ಟ ಮಷಿನ್. ಟೈಲರ್ ಪೆಡಲ್ ಮೇಲಿಂದ ಕಾಲು ತೆಗೆಯುವುದಿಲ್ಲ. ಒಂದು ಕೈಯಲ್ಲಿ ಡ್ರಾಯರ್ ಎಳೆದು ನೂರರ ನೋಟು ಚಾಚುತ್ತಾರೆ. ಕರ್ರ್ ಅಂತ ಚೀಟಿ ಹೊರಗೆ ಬರುತ್ತದೆ. ಅದು ಗೋಡೆಯ ಮೊಳೆಗೆ ಸಿಕ್ಕಿಸಿದ ತಂತಿಯನ್ನು ಸೇರುತ್ತದೆ. ಆ ತಂತಿಯಲ್ಲಿ ಆಗಲೇ ಬೆರಳುದ್ದ ದಪ್ಪಕ್ಕೆ ಹಳೆಯ ಚೀಟಿಗಳಿವೆ.

"ಮಳೆ ಬರುವ ಹಾಗೆ ಉಂಟು, ಕೊಡೆ ಉಂಟಲ್ಲ?"

"ಉಂಟು ಮಾರಾಯ್ರೆ."

ಅಷ್ಟೇ ಮಾತು. ಅವರು ಪಕ್ಕದ ಜ್ಯೂಸ್ ಅಂಗಡಿಗೆ ಹೋಗುತ್ತಾರೆ, ಆಮೇಲೆ ಹೂವಿನವರ ಹತ್ತಿರ, ಆಮೇಲೆ ಮೊಬೈಲ್ ರಿಪೇರಿಯವರ ಹತ್ತಿರ. ಕರಾವಳಿಯ ಯಾವ ಪೇಟೆಗೆ ಹೋದರೂ ಈ ದೃಶ್ಯ ಕಾಣುತ್ತದೆ. ಕರಾವಳಿ ಮಾತ್ರ ಯಾಕೆ, ಹುಬ್ಬಳ್ಳಿಯಲ್ಲೂ ಶಿವಮೊಗ್ಗದಲ್ಲೂ ಕಾಣುತ್ತದೆ. ಅವರ ಹೆಸರು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಎಲ್ಲರಿಗೂ ಅವರು "ಪಿಗ್ಮಿಯವರು".

ಬ್ಯಾಂಕಿನ ಪರವಾಗಿ ಬಂದು ದಿನದ ಉಳಿತಾಯ ಕೂಡಿಸಿಕೊಂಡು ಹೋಗುವ ಈ ನಡಿಗೆ ಶುರುವಾದದ್ದು 1928ರಲ್ಲಿ, ಉಡುಪಿಯಲ್ಲಿ. ಶುರು ಮಾಡಿದವರಲ್ಲಿ ಮುಖ್ಯರು ಒಬ್ಬ ಡಾಕ್ಟರು, ತೋನ್ಸೆ ಮಾಧವ ಅನಂತ ಪೈ. ಅವರು ತೀರಿಕೊಂಡದ್ದು 1979ರ ಮೇ 29ರಂದು. ಪ್ರತಿ ವರ್ಷ ಅವರ ಹೆಸರಲ್ಲಿ ಹಾರ ಹಾಕುತ್ತಾರೆ, ಭಾಷಣ ಆಗುತ್ತದೆ. ಆಗಬೇಕಾದದ್ದೇ. ಆದರೆ ಭಾಷಣಗಳಲ್ಲಿ ಮಣಿಪಾಲದ ದೊಡ್ಡ ಕಟ್ಟಡಗಳ ಮಾತು ಜಾಸ್ತಿ, ಎರಡಾಣೆಯ ಮಾತು ಕಡಿಮೆ. ನನಗೆ ಮೊದಲಿನಿಂದಲೂ ಎರಡಾಣೆಯದ್ದೇ ದೊಡ್ಡ ಕೆಲಸ ಅನ್ನಿಸಿದೆ. ಈ ಬರಹ ಅದೊಂದನ್ನೇ ಬಿಡಿಸಿ ನೋಡುವ ಪ್ರಯತ್ನ.

ಆಗ ಇದ್ದ ಪರಿಸ್ಥಿತಿ

ಪೈಯವರು ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ. ಮದ್ರಾಸಿನಲ್ಲಿ ಎಂಬಿಬಿಎಸ್ ಓದಿ ಬಂದು ಉಡುಪಿಯಲ್ಲಿ ಡಾಕ್ಟರಿಕೆ ಶುರು ಮಾಡಿದರು. ಆಗ ಇದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕೆನರಾ ಜಿಲ್ಲೆ. ರಾಜಧಾನಿಯಿಂದ ದೂರ, ಮಧ್ಯೆ ಘಟ್ಟ, ಹೊಳೆ ಹೊಳೆಗೂ ದೋಣಿ ದಾಟಬೇಕು.

ಬ್ಯಾಂಕು ಈ ಜಿಲ್ಲೆಗೆ ಹೊಸತೇನೂ ಆಗಿರಲಿಲ್ಲ. 1906ರಲ್ಲೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿನ ಮೂಲ ಸಂಸ್ಥೆಯನ್ನು ಕಟ್ಟಿದ್ದರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕಟ್ಟಿದ ಫಂಡ್ ಮುಂದೆ ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್ ಬಂತು. ಅಂದರೆ ಬ್ಯಾಂಕ್ ಇತ್ತು. ಆದರೆ ಬ್ಯಾಂಕಿನ ಮೆಟ್ಟಿಲು ಹತ್ತುವವರು ಯಾರು? ಅಡಿಕೆ, ತೆಂಗು, ಅಕ್ಕಿ ವ್ಯಾಪಾರದವರು, ವಕೀಲರು, ಜಮೀನಿದ್ದವರು. ಮೀನು ಮಾರುವ ಹೆಂಗಸು ಅಲ್ಲಿಗೆ ಹೋಗುವಂತಿರಲಿಲ್ಲ. ಬೀಡಿ ಕಟ್ಟುವವರೂ ಮಗ್ಗದವರೂ ಹೋಗುವಂತಿರಲಿಲ್ಲ. ಹೋಗಬಾರದು ಅಂತ ಬೋರ್ಡೇನೂ ಇರಲಿಲ್ಲ. ಆದರೂ ಹೋಗುತ್ತಿರಲಿಲ್ಲ. ಕೈಯಲ್ಲಿ ನಾಲ್ಕಾಣೆ ಹಿಡಿದುಕೊಂಡು ಗಾದಿ ಮೇಲೆ ಕೂತವರ ಮುಂದೆ ನಿಲ್ಲಲು ಯಾರಿಗೆ ಧೈರ್ಯ ಬರುತ್ತದೆ?

ಈ ಹೊತ್ತಿಗೆ ಕೈಮಗ್ಗಕ್ಕೆ ಕೆಟ್ಟ ಕಾಲ ಬಂತು. ಉಡುಪಿ, ಬ್ರಹ್ಮಾವರದ ಸುತ್ತ ನೇಕಾರರ ಮನೆಗಳು ಬೇಕಾದಷ್ಟಿದ್ದವು. ಮಿಲ್ ಬಟ್ಟೆ ಅಗ್ಗವಾಗಿ ಬಂದು ಬಿತ್ತು. ನೂಲು ತರಲು ಸಾಲ ಮಾಡಬೇಕು, ನೇಯ್ದ ಸೀರೆ ಮಾರಿದ ದುಡ್ಡು ಬಡ್ಡಿಗೇ ಹೋಗಬೇಕು. ಮತ್ತೆ ನೂಲಿಗೆ ಮತ್ತೆ ಸಾಲ. ಈ ಸುತ್ತಿನಿಂದ ಹೊರಗೆ ಬರುವ ದಾರಿ ನೇಕಾರನ ಕೈಯಲ್ಲಿ ಇರಲಿಲ್ಲ.

1925ರಲ್ಲಿ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ಕಟ್ಟಿದರು. ಪೈಯವರ ಅಣ್ಣ ಉಪೇಂದ್ರ ಅನಂತ ಪೈ ವ್ಯಾಪಾರಿ. ವಾಮನ ಶ್ರೀನಿವಾಸ ಕುಡ್ವ ಇಂಜಿನಿಯರು. ಮೂರನೆಯವರು ನಮ್ಮ ಡಾಕ್ಟರು. ಸಂಸ್ಥೆಯ ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಹೆಸರಲ್ಲಿ "ಇಂಡಸ್ಟ್ರಿಯಲ್" ಮೊದಲು ಬಂದಿದೆ, "ಬ್ಯಾಂಕಿಂಗ್" ಆಮೇಲೆ. ನೇಕಾರರ ಕಸುಬು ಉಳಿಯಬೇಕು, ಅದಕ್ಕೆ ದುಡ್ಡು ಬೇಕು, ದುಡ್ಡಿಗಾಗಿ ಬ್ಯಾಂಕು. ಆ ಹೆಸರಿನಲ್ಲೇ ಅವರ ಲೆಕ್ಕಾಚಾರದ ಕ್ರಮ ಕಾಣುತ್ತದೆ.

ಎರಡಾಣೆಯ ಲೆಕ್ಕ

ಸಾಲ ಕೊಡಬೇಕು ಸರಿ. ಆದರೆ 8,000 ರೂಪಾಯಿ ಎಷ್ಟು ಜನಕ್ಕೆ ಸಾಕಾಗುತ್ತದೆ? ಠೇವಣಿ ಬೇಕು. ದೊಡ್ಡ ಠೇವಣಿ ಇಡುವವರು ಆಗಲೇ ಬೇರೆ ಬ್ಯಾಂಕುಗಳಲ್ಲಿ ಇಟ್ಟಿದ್ದಾರೆ. ಉಳಿದವರು ಬಡವರು. ಬಡವರು ಉಳಿಸುವುದಿಲ್ಲ ಅನ್ನುವುದು ಆಗಿನ ಎಲ್ಲ ತಿಳಿದವರ ಮಾತು. ಈಗಲೂ ಕೆಲವರು ಹಾಗೇ ಹೇಳುತ್ತಾರೆ, ಅಲ್ವಾ?

1928ರಲ್ಲಿ ಪಿಗ್ಮಿ ಯೋಜನೆ ಬಂತು. ಪಿಗ್ಮಿ ಅಂದರೆ ತೀರಾ ಚಿಕ್ಕದು. ದಿನಕ್ಕೆ ಕಡಿಮೆ ಅಂದರೆ ಎರಡಾಣೆ. ಅದನ್ನು ತಂದು ಕಟ್ಟುವ ಕೆಲಸ ಗ್ರಾಹಕರದ್ದಲ್ಲ. ಬ್ಯಾಂಕಿನ ಏಜೆಂಟರೇ ಮನೆಗೆ, ಅಂಗಡಿಗೆ ಬಂದು ತೆಗೆದುಕೊಂಡು ಹೋಗುತ್ತಾರೆ.

ಈ ಲೆಕ್ಕವನ್ನು ಕೈಯಲ್ಲಿ ಹಿಡಿದು ನೋಡಿದರೆ ಮಾತ್ರ ಅದರ ಚಂದ ಗೊತ್ತಾಗುತ್ತದೆ. ಒಂದು ರೂಪಾಯಿಗೆ ಹದಿನಾರಾಣೆ. ದಿನಕ್ಕೆ ಎರಡಾಣೆ ಅಂದರೆ ಎಂಟು ದಿನಕ್ಕೆ ಒಂದು ರೂಪಾಯಿ. ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ಒಂದು ದಿನವೂ ತಪ್ಪದೆ ಕಟ್ಟಿದರೆ ವರ್ಷಕ್ಕೆ 45 ರೂಪಾಯಿ ಹತ್ತಾಣೆ. ಎರಡಾಣೆ ಹೋದರೆ ಮನೆಯಲ್ಲಿ ಒಲೆ ಆರುವುದಿಲ್ಲ. ಆದರೆ ನಲವತ್ತೈದು ರೂಪಾಯಿ ಒಟ್ಟಿಗೆ ಕೈಗೆ ಬಂದರೆ ನೂಲು ತರಬಹುದು, ಮಾಡಿಗೆ ಹೊಸ ಹಂಚು ಹಾಕಬಹುದು, ಅಡವಿಟ್ಟ ಬೆಂಡೋಲೆ ಬಿಡಿಸಬಹುದು.

ಈಗ ಬ್ಯಾಂಕಿನ ಕಡೆಯಿಂದ ನೋಡೋಣ. ಸಾವಿರ ಜನ ದಿನಕ್ಕೆ ಎರಡಾಣೆ ಕೊಟ್ಟರು ಅಂತ ಇಟ್ಟುಕೊಳ್ಳಿ. ದಿನಕ್ಕೆ 125 ರೂಪಾಯಿ ಆಯಿತು. ಅರವತ್ತನಾಲ್ಕು ದಿನದಲ್ಲಿ 8,000 ರೂಪಾಯಿ. ಮೂವರು ಸ್ಥಾಪಕರು ಕೂಡಿಸಿದ ಇಡೀ ಬಂಡವಾಳದಷ್ಟು ದುಡ್ಡನ್ನು ಸಾವಿರ ಬಡವರು ಎರಡು ತಿಂಗಳು ಚಿಲ್ಲರೆಯಲ್ಲಿ ಕೂಡಿಸಬಲ್ಲರು. ಹನಿ ಹನಿ ಕೂಡಿದರೆ ಹಳ್ಳ ಅಂತ ನಾವೆಲ್ಲ ಹೇಳುತ್ತಲೇ ಇರುತ್ತೇವೆ. ಪೈಯವರು ಆ ಹಳ್ಳಕ್ಕೆ ಕಾಲುವೆ ತೋಡಿದರು.

ಉಳಿತಾಯಕ್ಕೆ ಬೇರೆ ದಾರಿಗಳೇ ಇರಲಿಲ್ಲ ಅಂತ ಅಲ್ಲ. ಅಂಚೆ ಕಚೇರಿಯ ಉಳಿತಾಯ ಖಾತೆ ಆಗಲೇ ಇತ್ತು. 1904ರ ಕಾಯ್ದೆ ಬಂದ ಮೇಲೆ ಸಹಕಾರ ಸಂಘಗಳೂ ಹುಟ್ಟಿದ್ದವು. ಚೀಟಿ ವ್ಯವಹಾರವಂತೂ ಊರೂರಲ್ಲಿ ಇತ್ತು. ಹಾಗಾದರೆ ಪಿಗ್ಮಿಯಲ್ಲಿ ಹೊಸದೇನು?

ಹೊಸದು ನಡಿಗೆ. ದುಡ್ಡು ಎಲ್ಲಿ ಯಾವ ಹೊತ್ತಿಗೆ ಹುಟ್ಟುತ್ತದೋ, ಅಲ್ಲಿ ಆ ಹೊತ್ತಿಗೇ ಏಜೆಂಟ್ ಇರುತ್ತಾನೆ. ದಿನದ ದುಡಿಮೆಯವರ ದುಡ್ಡು ಹೇಗೆ ಅಂತ ನಮಗೆ ಗೊತ್ತಿದೆ. ಸಂಜೆ ಕೈಗೆ ಬರುತ್ತದೆ, ರಾತ್ರಿಯೊಳಗೆ ಕರಗುತ್ತದೆ. ಕರಗುವುದಕ್ಕೆ ಕುಡಿತವೇ ಬೇಕೆಂದಿಲ್ಲ. ಅಕ್ಕಿ, ಎಣ್ಣೆ, ಮಗುವಿನ ಜ್ವರದ ಔಷಧಿ, ಬಂದ ನೆಂಟರು. ತಿಂಗಳ ಕೊನೆಗೆ ಉಳಿಸುತ್ತೇನೆ ಅನ್ನುವುದು ಸಂಬಳದವರ ಮಾತು. ಕೂಲಿಯವರಿಗೆ ತಿಂಗಳೇ ಇಲ್ಲ, ದಿನ ಮಾತ್ರ ಇದೆ. ಪಿಗ್ಮಿ ಆ ದಿನದ ಲೆಕ್ಕಕ್ಕೆ ಹೊಂದಿಕೊಂಡಿತು. ಗ್ರಾಹಕರು ಬ್ಯಾಂಕಿನ ಸಮಯಕ್ಕೆ ಬರಲಿ ಅಂತ ಕಾಯಲಿಲ್ಲ.

ಇದು ಒಬ್ಬ ಡಾಕ್ಟರಿಗೆ ಹೊಳೆದದ್ದರಲ್ಲಿ ಆಶ್ಚರ್ಯ ಇಲ್ಲ ಅಂತ ನನ್ನ ಅನಿಸಿಕೆ. ಒಂದೇ ಸಲ ಬಾಟಲಿ ಪೂರ್ತಿ ಕುಡಿಸಿದರೆ ರೋಗ ವಾಸಿಯಾಗುವುದಿಲ್ಲ. ದಿನಕ್ಕೆ ಇಷ್ಟು, ಹೊತ್ತಿಗೆ ಸರಿಯಾಗಿ, ತಪ್ಪದೆ. ಮತ್ತೆ, ಡಾಕ್ಟರು ಮನೆಮನೆಗೆ ಹೋಗುವ ಕಾಲ ಅದು. ಮನೆಯೊಳಗೆ ಹೋದವರಿಗೆ ಅಡುಗೆಮನೆಯ ಡಬ್ಬದಲ್ಲಿ ಏನಿದೆ ಅಂತ ಗೊತ್ತಿರುತ್ತದೆ.

ಮುಂದೆ ಬಡವರ ಬ್ಯಾಂಕ್ ಅಂತ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಜಗತ್ಪ್ರಸಿದ್ಧವಾಯಿತು. ಅದರ ಪ್ರಯೋಗ ಶುರುವಾದದ್ದು 1976ರಲ್ಲಿ. ಅದು ಮೊದಲು ಸಾಲ ಕೊಟ್ಟಿತು. ಉಡುಪಿಯಲ್ಲಿ ಅದಕ್ಕಿಂತ ಸುಮಾರು ಐವತ್ತು ವರ್ಷ ಮೊದಲೇ ಉಳಿತಾಯದಿಂದ ಶುರು ಮಾಡಿದ್ದರು. ಈ ವ್ಯತ್ಯಾಸ ದೊಡ್ಡದು. ಸಾಲದಿಂದ ಶುರುವಾದರೆ ಬಡವರು ಮೊದಲ ದಿನದಿಂದಲೇ ಸಾಲಗಾರರು. ಉಳಿತಾಯದಿಂದ ಶುರುವಾದರೆ ಅವರ ದುಡ್ಡಿಗೆ ಬ್ಯಾಂಕೇ ಸಾಲಗಾರ. ಒಂದು ವರ್ಷ ಎರಡಾಣೆ ಕಟ್ಟಿದ ಹೆಂಗಸು ಕೌಂಟರಿನ ಮುಂದೆ ಕೈಮುಗಿದು ನಿಲ್ಲಬೇಕಾಗಿಲ್ಲ. ಅವಳ ಠೇವಣಿಯ ಮೇಲೇ ಅವಳಿಗೆ ಸಾಲ ಸಿಗುತ್ತದೆ. ಈಗಲೂ ಪೇಟೆಯವರು "ಪಿಗ್ಮಿ ಮೇಲೆ ಸಾಲ ತೆಗೆದೆ" ಅನ್ನುವಾಗ ಧ್ವನಿಯಲ್ಲಿ ಸಂಕೋಚ ಇರುವುದಿಲ್ಲ, ಗಮನಿಸಿ ನೋಡಿ.

ಬೆಳೆದ ಬಗೆ

ಪಿಗ್ಮಿ ಬಂದ 1928ರಲ್ಲೇ ಬ್ಯಾಂಕಿನ ಮೊದಲ ಶಾಖೆ ಬ್ರಹ್ಮಾವರದಲ್ಲಿ ತೆರೆಯಿತು. ಮಂಗಳೂರಲ್ಲಿ ಅಲ್ಲ, ಮದ್ರಾಸಿನಲ್ಲಿ ಅಲ್ಲ, ಬ್ರಹ್ಮಾವರದಲ್ಲಿ. 1946ರಲ್ಲಿ ಒಂದೇ ದಿನ 29 ಹಳ್ಳಿ ಶಾಖೆಗಳು ತೆರೆದವು. ಅರವತ್ತರ ದಶಕದಲ್ಲಿ ಹೆಸರು ಸಿಂಡಿಕೇಟ್ ಬ್ಯಾಂಕ್ ಅಂತ ಚಿಕ್ಕದಾಯಿತು, ಬ್ಯಾಂಕು ದೊಡ್ಡದಾಯಿತು. ಉಪೇಂದ್ರ ಪೈಯವರ ಮಗ ಟಿ.ಎ. ಪೈ ಬ್ಯಾಂಕನ್ನು ದೇಶದ ಮಟ್ಟಕ್ಕೆ ಒಯ್ದರು, ಮುಂದೆ ಕೇಂದ್ರದಲ್ಲಿ ಮಂತ್ರಿಯೂ ಆದರು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದಾಗ ಪಟ್ಟಿಯಲ್ಲಿ ಕೆನರಾ ಬ್ಯಾಂಕ್ ಜೊತೆ ಸಿಂಡಿಕೇಟೂ ಇತ್ತು. ಹಳ್ಳಿಗೆ ಬ್ಯಾಂಕು ಹೋಗಬೇಕು ಅಂತ ಸರ್ಕಾರ ಆಗ ಹೇಳಿದ ಮಾತು ಈ ಬ್ಯಾಂಕಿಗೆ ಹೊಸದಾಗಿರಲಿಲ್ಲ. 1975ರ ಅಕ್ಟೋಬರ್ 2ರಂದು ದೇಶದ ಮೊದಲ ಪ್ರಾದೇಶಿಕ ಗ್ರಾಮೀಣ ಬ್ಯಾಂಕು ಉತ್ತರಪ್ರದೇಶದ ಮೊರಾದಾಬಾದಿನಲ್ಲಿ ಶುರುವಾಯಿತು. ಹೆಸರು ಪ್ರಥಮಾ. ಅದರ ಪ್ರಾಯೋಜಕ ಬ್ಯಾಂಕು ಇದೇ ಸಿಂಡಿಕೇಟ್.

ಇಷ್ಟರ ನಡುವೆ ಪೈಯವರ ಮನಸ್ಸು ಶಾಲೆ ಕಾಲೇಜುಗಳ ಕಡೆ ತಿರುಗಿತ್ತು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್, 1949ರಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು. ಮುರಕಲ್ಲಿನ ಬೋಳುಗುಡ್ಡವಾಗಿದ್ದ ಮಣಿಪಾಲ ಊರಾಯಿತು. ಖಾಸಗಿ ಮೆಡಿಕಲ್ ಕಾಲೇಜು ದೇಶದಲ್ಲಿ ತೀರಾ ಅಪರೂಪವಾಗಿದ್ದ ಕಾಲ ಅದು. ಸರ್ಕಾರ ಕೊಡಲಿ ಅಂತ ಕಾದಿದ್ದರೆ ಕರಾವಳಿಗೆ ಆಸ್ಪತ್ರೆ ಯಾವಾಗ ಬರುತ್ತಿತ್ತೋ. ಅದೇ ಹೊತ್ತಿಗೆ, ವಿದ್ಯಾರ್ಥಿಗಳ ಮನೆಯವರಿಂದ ದೊಡ್ಡ ಮೊತ್ತ ಪಡೆದು ಕಾಲೇಜು ನಡೆಸುವ ಈ ದಾರಿಯನ್ನು ಆಮೇಲೆ ಬೇರೆ ಎಷ್ಟೋ ಜನ ಹಿಡಿದರು. ಅದು ಎಲ್ಲಿಗೆ ಮುಟ್ಟಿತು ಅಂತ ನಮಗೆ ಗೊತ್ತಿದೆ. ಖಾಸಗಿ ಕಾಲೇಜು ಯಾರನ್ನು ಸೇರಿಸಿಕೊಳ್ಳಬಹುದು, ಎಷ್ಟು ಶುಲ್ಕ ಕೇಳಬಹುದು ಅನ್ನುವ ಬಗ್ಗೆ 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಇಂದಿಗೂ ಟಿ.ಎಂ.ಎ. ಪೈ ಫೌಂಡೇಶನ್ ಹೆಸರಲ್ಲೇ ಇದೆ. ಅದು ಬೇರೆಯೇ ಒಂದು ಅಧ್ಯಯನದ ವಿಷಯ. ನಾನು ಎರಡಾಣೆಗೆ ವಾಪಸ್ ಬರುತ್ತೇನೆ.

ಭಾರ ಹೊತ್ತವರು

ಪಿಗ್ಮಿಯ ಬಗ್ಗೆ ಬರೆದವರೆಲ್ಲ ಯೋಜನೆಯನ್ನು ಹೊಗಳುತ್ತಾರೆ. ಹೊಗಳಲೇಬೇಕು. ಆದರೆ ಯೋಜನೆಗೆ ಕಾಲಿರಲಿಲ್ಲ. ಕಾಲು ಇದ್ದದ್ದು ಏಜೆಂಟರಿಗೆ.

ಆ ಕೆಲಸ ಸ್ವಲ್ಪ ಯೋಚಿಸಿ ನೋಡಿ. ಕರಾವಳಿಯ ಜಡಿಮಳೆಯಲ್ಲೂ ಹೋಗಬೇಕು. ಏಪ್ರಿಲ್ ಸೆಖೆಯಲ್ಲೂ ಹೋಗಬೇಕು. ಒಂದು ದಿನ ಹೋಗದಿದ್ದರೆ ಆ ದಿನದ ಎರಡಾಣೆ ಖರ್ಚಾಗಿ ಹೋಗುತ್ತದೆ, ಮರುದಿನ ನಾಲ್ಕಾಣೆ ಕೇಳಿದರೆ ಯಾರೂ ಕೊಡುವುದಿಲ್ಲ. ಚಿಲ್ಲರೆ ಎಣಿಸಬೇಕು, ಬರೆದುಕೊಡಬೇಕು, ಸಂಜೆ ಲೆಕ್ಕ ತಾಳೆಯಾಗಬೇಕು. ಕಮ್ಮಿ ಬಿದ್ದರೆ ಕೈಯಿಂದ ಹಾಕಬೇಕು. ಯಾರ ಮನೆಯಲ್ಲಿ ಸಾವಾಗಿದೆ, ಯಾರ ವ್ಯಾಪಾರ ಕುಸಿದಿದೆ, ಇವತ್ತು ಯಾರ ಹತ್ತಿರ ಕೇಳಬಾರದು ಅಂತ ಗೊತ್ತಿರಬೇಕು. ಬ್ಯಾಂಕಿನ ಮೇಲಿನ ನಂಬಿಕೆ ಅಂತ ನಾವು ಕರೆಯುವುದು ಬಹಳ ಜನಕ್ಕೆ ಆ ಒಂದು ಮುಖದ ಮೇಲಿನ ನಂಬಿಕೆ.

ಇಷ್ಟಕ್ಕೆ ಸಿಗುತ್ತಿದ್ದದ್ದು ಕಮಿಷನ್. ಸಂಗ್ರಹ ಆದಷ್ಟು ಆದಾಯ. ಕಾಲು ಮುರಿದು ಮಲಗಿದರೆ ಆ ತಿಂಗಳು ಏನೂ ಇಲ್ಲ. ನಾವು ಬ್ಯಾಂಕಿನವರೋ ಅಲ್ಲವೋ ಅನ್ನುವ ಪ್ರಶ್ನೆ ಈ ಏಜೆಂಟರನ್ನು ವರ್ಷಗಟ್ಟಲೆ ಕಾಡಿತು. ಅವರು ಸಂಘ ಕಟ್ಟಿಕೊಂಡು ಹೋರಾಡಿದರು. ಕೈಗಾರಿಕಾ ನ್ಯಾಯಮಂಡಳಿ, ಹೈಕೋರ್ಟ್ ದಾಟಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಇವರು ಕಾನೂನಿನ ಪ್ರಕಾರ ಕಾರ್ಮಿಕರೇ, ಬ್ಯಾಂಕಿಗೂ ಇವರಿಗೂ ಯಜಮಾನ ಮತ್ತು ಕೆಲಸಗಾರನ ಸಂಬಂಧ ಇದೆ ಅಂತ 2001ರಲ್ಲಿ ಕೋರ್ಟ್ ಹೇಳಿತು. ಕಾಯಂ ನೌಕರರ ಸ್ಥಾನ ಸಿಗಲಿಲ್ಲ. ಆದರೂ ಕೆಲಸಗಾರ ಅನ್ನುವ ಮಾತು ಕಾಗದದ ಮೇಲೆ ಬಂತು. ಯೋಜನೆ ಶುರುವಾಗಿ ಎಪ್ಪತ್ತಮೂರು ವರ್ಷದ ಮೇಲೆ.

ಪೈಯವರನ್ನು ನೆನೆಯುವಾಗ ಈ ಮಾತೇಕೆ ಅಂತ ಯಾರಾದರೂ ಕೇಳಬಹುದು. ಅವರ ಯೋಜನೆಯ ಒಳಗಿನ ಒಳ್ಳೆಯದೆಲ್ಲ ಈ ಜನರ ಹೆಜ್ಜೆಯಿಂದಲೇ ಮನೆ ಮುಟ್ಟಿದ್ದು. ಅವರನ್ನು ಬಿಟ್ಟು ಪೈಯವರಿಗೆ ಮಾಡುವ ಗೌರವ ಅರ್ಧ ಗೌರವ.

ಇನ್ನೊಂದು ಮಾತನ್ನೂ ಹೇಳಬೇಕು. ಯಾರಿಗಾಗಿ ಈ ಬ್ಯಾಂಕು ಹುಟ್ಟಿತೋ, ಆ ಮಗ್ಗಗಳು ಉಳಿಯಲಿಲ್ಲ. ಬ್ಯಾಂಕು ಉಳಿಯಿತು, ಬೆಳೆಯಿತು. ನೇಕಾರರ ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋದರು. ಆ ಓದಿನ ಖರ್ಚಿಗೆ ಎಷ್ಟೋ ಮನೆಗಳಲ್ಲಿ ಪಿಗ್ಮಿ ದುಡ್ಡೇ ಆಗಿರಬೇಕು. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಿಕೆಯ, ಅಂದರೆ ಇದು ಈ ಊರಿನದ್ದೇ ಅನ್ನುವ, ಮಾನ್ಯತೆ ಬರುವ ಹೊತ್ತಿಗೆ ನೇಯುವವರು ಬೆರಳೆಣಿಕೆಯಷ್ಟಿದ್ದರು, ಅವರೂ ವಯಸ್ಸಾದವರು. ಮುಲ್ಕಿ ಹತ್ತಿರದ ತಾಳಿಪಾಡಿಯ ನೇಕಾರರ ಸಂಘದಲ್ಲಿ ಮತ್ತೆ ಮಗ್ಗದ ಸದ್ದು ಕೇಳುತ್ತಿರುವುದು ಈಚಿನ ಕೆಲವರ ಹಟದಿಂದ. ಸಾಲ ಸಿಕ್ಕಿದ ಮಾತ್ರಕ್ಕೆ ಕಸುಬು ಉಳಿಯುವುದಿಲ್ಲ. ಮಾರುಕಟ್ಟೆ ಬೇಕು, ಬೆಲೆ ಬೇಕು. ಅದು ಬ್ಯಾಂಕಿನ ಕೈ ಮೀರಿದ್ದು.

ಹಾಗೇ, ಊರಿನ ಚಿಲ್ಲರೆ ಕೂಡಿಸಿದ ದುಡ್ಡು ಊರಲ್ಲೇ ಸಾಲವಾಗಿ ತಿರುಗಿ ಬಂತೇ? ಶುರುವಿನಲ್ಲಿ ಬಂತು, ಅದೇ ಉದ್ದೇಶ ಆಗಿತ್ತು. ಈಗ ಕರಾವಳಿಯ ಜಿಲ್ಲೆಗಳಲ್ಲಿ ಬ್ಯಾಂಕಿನವರ ಸಭೆಗಳಲ್ಲಿ ಮತ್ತೆ ಮತ್ತೆ ಬರುವ ದೂರು ಒಂದೇ: ಠೇವಣಿ ಜಾಸ್ತಿ, ಅದಕ್ಕೆ ತಕ್ಕ ಸಾಲ ಇಲ್ಲ. ಇಲ್ಲಿಯ ಉಳಿತಾಯ ಬೇರೆ ಕಡೆ ದುಡಿಯುತ್ತದೆ. ಪೈಯವರು ಈ ಅಂಕಿ ನೋಡಿದ್ದರೆ ಸುಮ್ನೆ ಕೂರುತ್ತಿರಲಿಲ್ಲ ಅಂತ ನಾನು ನಂಬಿದ್ದೇನೆ.

2020

2020ರ ಮಾರ್ಚ್ 25ರಂದು ಇಡೀ ದೇಶಕ್ಕೆ ಬೀಗ ಬಿತ್ತು. ನಾನು ಮೊದಲು ಹೇಳಿದ ಟೈಲರ್ ಅಂಗಡಿಯ ಶಟರ್ ಕೂಡ ಇಳಿಯಿತು. ಪಿಗ್ಮಿಯವರ ನಡಿಗೆ ನಿಂತಿತು. ಆ ವಾರ ಮುಗಿಯುವಷ್ಟರಲ್ಲಿ, ಏಪ್ರಿಲ್ 1ರಂದು, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಜನ ಮನೆಯೊಳಗಿದ್ದರು. 95 ವರ್ಷದ ಒಂದು ಬ್ಯಾಂಕಿನ ಹೆಸರು ಬೋರ್ಡಿನಿಂದ ಇಳಿಯುವುದನ್ನು ನೋಡಲು ರಸ್ತೆಯಲ್ಲಿ ಯಾರೂ ಇರಲಿಲ್ಲ. ಮಣಿಪಾಲದ ಕೆಲವು ಹಿರಿಯರಿಗೆ ಆ ದಿನ ಮನೆಯಲ್ಲೇ ಯಾರೋ ತೀರಿಕೊಂಡ ಹಾಗೆ ಆಗಿತ್ತು. ನನಗೂ ಸಂಕಟ ಆಯಿತು, ಮುಚ್ಚಿಡುವುದೇಕೆ.

ಅಂಗಡಿ ತೆರೆದ ಮೇಲೆ ಬ್ಲೌಸು ಕೊಡಲು ಬಂದ ನೆರೆಮನೆಯವರ ಜೊತೆ ನಾನೂ ಟೈಲರ್ ಹತ್ತಿರ ಹೋಗಿದ್ದೆ. ಎರಡು ತಿಂಗಳು ಹೇಗೆ ಕಳೆದಿರಿ ಅಂತ ಕೇಳಿದೆ.

"ಪಿಗ್ಮಿ ಒಡೆದೆ," ಅಂದರು. "ಅವಧಿ ಆಗಿರಲಿಲ್ಲ, ಸ್ವಲ್ಪ ಕಟ್ ಆಯಿತು. ಆದರೂ ಬಾಡಿಗೆ ಕೊಟ್ಟೆ, ಮಗಳ ಫೀಸು ಕಟ್ಟಿದೆ. ಯಾರ ಹತ್ತಿರವೂ ಕೈ ಚಾಚಲಿಲ್ಲ."

ಹೇಳುವಾಗ ಅವರು ತಲೆ ಎತ್ತಲಿಲ್ಲ, ಸೂಜಿಗೆ ನೂಲು ಪೋಣಿಸುತ್ತಿದ್ದರು. ಗೋಡೆಯ ತಂತಿ ಖಾಲಿ ಇತ್ತು. ಹಳೆಯ ಚೀಟಿಗಳನ್ನೆಲ್ಲ ತೆಗೆದಿದ್ದರು.

ಸಂಜೆ ಆರೂವರೆಗೆ ಪಿಗ್ಮಿಯವರು ಬಂದರು. ಮಾಸ್ಕ್ ಹಾಕಿದ್ದರು, ಆದರೂ ಗುರುತು ಸಿಕ್ಕಿತು. ಒಳಗೆ ಬರಲಿಲ್ಲ, ಮೆಟ್ಟಿಲ ಕೆಳಗೆ ನಿಂತರು. ಟೈಲರ್ ಡ್ರಾಯರ್ ಎಳೆದರು. ಈ ಸಲ ನೂರರ ನೋಟು ಬರಲಿಲ್ಲ.

"ಇಪ್ಪತ್ತರಿಂದ ಶುರು ಮಾಡುವನಾ?" ಅಂತ ಕೇಳಿದರು.

"ಮಾಡುವ," ಅಂದರು ಅವರು, ಮಷಿನ್ ಒತ್ತುತ್ತಾ.